ಅಡವಿಯ ಕಾಳಗವನ್ನು ಆಡಿ ತೋರಿಸುವ ಬಗೆ

ಕಿತ್ತೂರಿನ ಸಮರವನ್ನು ಅಭಿನಯಿಸುವವರು ಸಾಮಾನ್ಯವಾಗಿ 1824ನೆಯ ಅಕ್ಟೋಬರ 23ರ ಕೋಟೆಯ ಕದನವನ್ನೇ ಆರಿಸಿಕೊಳ್ಳುವರು. ಅಲ್ಲಿ ತೋಪುಗಳುಂಟು, ಧಾರವಾಡದ ಕಲೆಕ್ಟರ ಥ್ಯಾಕರೆಯ ಪತನವುಂಟು. ಆದರೆ ಅದೇ ಸಮರದ ಉತ್ತರಭಾಗವು 1830ರಲ್ಲಿ, ಖಾನಾಪುರದಿಂದ ಹಳಿಯಾಳದ ಕಡೆಗೆ ಹಬ್ಬಿದ ಅಡವಿಗಳಲ್ಲಿ ನಡೆಯಿತು. ಅದನ್ನು ಅಡವಿಯಲ್ಲಿಯೇ ಆಡಿ ತೋರಿಸಬೇಕಾದರೆ ಪ್ರದರ್ಶನದ ಕ್ರಮವನ್ನೇ ಬದಲಿಸಬೇಕಾಗುವುದು.

ಸಂಗೊಳ್ಳಿ ರಾಯಣ್ಣನು ಊರ ಕಾವಲಿಗಾಗಿ ಭೂಮಿ ಪಡೆದ ಶೇತಸನದಿಗಳಲ್ಲೊಬ್ಬನು. ಕುಂಪಣಿ ಸರಕಾರವು ಅಂಥ ಭೂಮಿಗಳಿಗೆ ಕೈಯಿಕ್ಕಿದುದರಿಂದ ಹಳ್ಳಿಗರು ಅವನ ಹಿಂದೆ ನಿಂತರು. ಬೀಡಿಯ ಕಚೇರಿಗೆ ಬೆಂಕಿ ಬಿದ್ದಿತು. ಬತ್ತಿ ಹೊತ್ತಿಸಿ ಹಾರಿಸುವ ಕೋವಿಗೆ ದಟ್ಟಡವಿಯು ಪ್ರತಿಕೂಲವಾದುದು: ಮಂಜಿಗೆ ಮದ್ದು ಹಸಿಯಾಗುವುದು, ಬತ್ತಿಯ ಕಿಡಿಯು ಇರುಳಿನಲ್ಲಿ ಅಡಗುದಾಣವನ್ನು ತೋರಿಸಿಕೊಡುವುದು. ಆದುದರಿಂದ ಇಲ್ಲಿ ಸಾಲುಗಟ್ಟಿದ ಸೈನ್ಯಕ್ಕಿಂತ ಸದ್ದಿಲ್ಲದ ನಡಿಗೆ, ಹಳ್ಳಿಯಿಂದ ಬಂದ ಬುತ್ತಿಯ ಗಂಟು, ದಾರಿ ಬಲ್ಲವನ ಸನ್ನೆ ಇವೇ ಮುಖ್ಯವಾದುವು. ಹಳಿಯಾಳ, ಮುಂಡಗೋಡಗಳಲ್ಲಿ ನೆಲಸಿದ ಸಿದ್ದಿ ಜನರಿಗೆ ಸೇರಿದ ಗಜವೀರನು ರಾಯಣ್ಣನ ಜೊತೆಗಾರನಾಗಿದ್ದನೆಂಬ ಮಾತು ಪ್ರಸಿದ್ಧವಾಗಿದೆ. ಅವನನ್ನು ಬಿಟ್ಟ ಪ್ರದರ್ಶನವು ಅಪೂರ್ಣವೇ ಸರಿ.

ಕೊನೆಯ ಅಂಕದಲ್ಲಿ ಕದನವೇ ಇಲ್ಲ. 1830ರ ಏಪ್ರಿಲಿನಲ್ಲಿ ರಾಯಣ್ಣನು ಸಿಕ್ಕಿದುದು ಸೈನ್ಯದ ಬಲದಿಂದಲ್ಲ, ದ್ರೋಹದಿಂದ; ಅಳ್ನಾವರದ ಬಳಿಯ ಡೋರಿಯ ಹಳ್ಳದಲ್ಲಿ ನಿರಾಯುಧನಾಗಿ ಮೀಯುತ್ತಿದ್ದಾಗ ಹಿಡಿದರೆಂದು ಜನರು ಹೇಳುವರು. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಜಯಘೋಷಕ್ಕಾಗಿ ಕಾದಿರುವ ಪ್ರೇಕ್ಷಕರಿಗೆ ಹಳ್ಳದ ನೀರಿನ ಸದ್ದನ್ನು ಮಾತ್ರ ಕೇಳಿಸುವ ಧೈರ್ಯವು ಆಡುವವರಿಗೆ ಬೇಕು. ಹಾಗಾದಾಗಲೇ ಅದು ಇತಿಹಾಸಕ್ಕೆ ಸಲ್ಲುವುದು. ಇಲ್ಲದಿದ್ದರೆ ಬರಿಯ ಬಾಣಬಿರುಸಾಗುವುದು.