ಜಠರವ್ರಣ ಚಿಕಿತ್ಸೆಯಲ್ಲಿ ಆಮ್ಲಶಾಮಕ ಔಷಧಗಳು: ಒಂದು ಐತಿಹಾಸಿಕ ವಿವೇಚನೆ

ಜಠರದಲ್ಲಿಯೂ ಅದಕ್ಕೆ ಹೊಂದಿಕೊಂಡ ಕರುಳಿನ ಮೊದಲ ಭಾಗದಲ್ಲಿಯೂ ಉಂಟಾಗುವ ವ್ರಣಕ್ಕೆ ಆಮ್ಲವೇ ಮೂಲವೆಂಬ ನಂಬುಗೆಯು ಇಪ್ಪತ್ತನೆಯ ಶತಮಾನದ ಬಹುಭಾಗವನ್ನು ಆಳಿತು. ಆಮ್ಲವಿಲ್ಲದಿದ್ದರೆ ವ್ರಣವಿಲ್ಲವೆಂಬ ಸೂತ್ರವನ್ನು 1910ರಲ್ಲಿ ಕಾರ್ಲ್ ಷ್ವಾರ್ಟ್ಸ್ ಮಂಡಿಸಿದರು. ಈ ಸೂತ್ರವು ಅಸತ್ಯವಾಗಿರಲಿಲ್ಲ, ಅಪೂರ್ಣವಾಗಿತ್ತು. ಆ ಅಪೂರ್ಣತೆಯು ಹೇಗೆ ಬಯಲಾಯಿತು, ಬಯಲಾದ ಬಳಿಕ ಆಮ್ಲಶಾಮಕ ಔಷಧಗಳ ಸ್ಥಾನವೇನಾಯಿತು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಇಂಗ್ಲೆಂಡಿನಲ್ಲಿ ಜೇಮ್ಸ್ ಬ್ಲಾಕ್ ಮತ್ತು ಅವರ ಸಹೋದ್ಯೋಗಿಗಳು 1964ರಲ್ಲಿ ಆರಂಭಿಸಿದ ಸಂಶೋಧನೆಯ ಫಲವಾಗಿ 1976ರಲ್ಲಿ ಸಿಮೆಟಿಡೀನ್ ಬಳಕೆಗೆ ಬಂದಿತು. ಆಮ್ಲಸ್ರಾವವನ್ನು ಪ್ರಚೋದಿಸುವ ಹಿಸ್ಟಮೀನಿನ ಕಾರ್ಯವನ್ನು ಇದು ತಡೆಯುತ್ತದೆ. 1988ರಲ್ಲಿ ಬಂದ ಒಮೆಪ್ರಜೋಲ್ ಇನ್ನೂ ಮುಂದೆ ಹೋಗಿ, ಆಮ್ಲವನ್ನು ಹೊರದೂಡುವ ಪ್ರೋಟಾನ್ ಪಂಪನ್ನೇ ನಿಷ್ಕ್ರಿಯಗೊಳಿಸಿತು. ಇವುಗಳಿಂದ ವ್ರಣವು ಮಾಯುತ್ತಿತ್ತು. ಆದರೆ ಔಷಧವನ್ನು ನಿಲ್ಲಿಸಿದ ಮೇಲೆ ಅನೇಕರಲ್ಲಿ ಮರುಕಳಿಸುತ್ತಿತ್ತು. ರೋಗಿಯು ವರ್ಷಗಟ್ಟಲೆ ಗುಳಿಗೆಗೆ ಅಧೀನನಾಗಬೇಕಾಯಿತು.

ಇತ್ತ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ 1979ರಲ್ಲಿ ಜಠರದ ಒಳಪೊರೆಯ ಮೇಲೆ ಬಾಗಿದ ಆಕಾರದ ಜೀವಾಣುಗಳನ್ನು ಕಂಡರು. ಬ್ಯಾರಿ ಮಾರ್ಷಲ್ ಅವರೊಡಗೂಡಿ, 1982ರಲ್ಲಿ ಅವುಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಲಾಯಿತು. ಇವೇ ಇಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಪ್ರಸಿದ್ಧವಾಗಿವೆ. ಮಾರ್ಷಲ್ ಮತ್ತು ಸಂಗಡಿಗರು 100 ರೋಗಿಗಳ ಮೇಲೆ ನಡೆಸಿ 1988ರಲ್ಲಿ ಪ್ರಕಟಿಸಿದ ಪರೀಕ್ಷೆಯು ನಿರ್ಣಾಯಕವಾದುದು. ಸಿಮೆಟಿಡೀನ್ ಪಡೆದವರಲ್ಲಿ ಜೀವಾಣುವು ಉಳಿಯಿತು. ಬಿಸ್ಮತ್ ಮತ್ತು ಟಿನಿಡಜೋಲ್ ಎರಡನ್ನೂ ಪಡೆದವರ ಪೈಕಿ ಶೇಕಡಾ 70 ಮಂದಿಯಲ್ಲಿ ನಾಶವಾಯಿತು. ಜೀವಾಣು ಉಳಿದವರಲ್ಲಿ ಮಾಯ್ದ ವ್ರಣವು ಶೇಕಡಾ 84ರಷ್ಟು ಮರುಕಳಿಸಿದರೆ, ನಾಶವಾದವರಲ್ಲಿ ಶೇಕಡಾ 21ರಷ್ಟು ಮಾತ್ರ ಮರುಕಳಿಸಿತು. ಆದರೂ ಇಂತಹ ರೋಗಿಗಳಿಗೆ ಜೀವಾಣುನಾಶಕ ಚಿಕಿತ್ಸೆ ಅಗತ್ಯವೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಮ್ಮೇಳನವು ಸಾರಿದ್ದು 1994ರಲ್ಲಿ. ವಾರೆನ್ ಮತ್ತು ಮಾರ್ಷಲರಿಗೆ 2005ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಹಾಗೆಂದು ಆಮ್ಲಶಾಮಕಗಳು ನಿರರ್ಥಕವಾದುವೆಂದು ತಿಳಿಯಲಾಗದು. ಆಮ್ಲವು ತಗ್ಗಿದಾಗ ಜೀವಾಣುಗಳು ವೃದ್ಧಿಹೊಂದತೊಡಗುತ್ತವೆ; ವೃದ್ಧಿಯ ಸ್ಥಿತಿಯಲ್ಲಿಯೇ ಅಮಾಕ್ಸಿಸಿಲಿನ್ ಅವುಗಳನ್ನು ಕೊಲ್ಲಬಲ್ಲದು. ಆದ್ದರಿಂದ ಪಂಪನ್ನು ತಡೆಯುವ ಔಷಧಗಳು ಅಮಾಕ್ಸಿಸಿಲಿನ್ ಮತ್ತು ಕ್ಲಾರಿತ್ರೊಮೈಸಿನ್‌ಗಳೊಡನೆ ತ್ರಿವಿಧ ಚಿಕಿತ್ಸೆಯ ಅಂಗವಾದುವು. ಇವುಗಳಲ್ಲಿಯೂ ತಾರತಮ್ಯವುಂಟು. ಪ್ರೋಟಾನ್ ಪಂಪ್ ನಿರೋಧಕಗಳನ್ನು ಕೆಲವರ ಯಕೃತ್ತು ಶೀಘ್ರವಾಗಿ ವಿಘಟಿಸುವುದರಿಂದ ಪರಿಣಾಮವು ಕುಂದುತ್ತದೆ. ಜಪಾನಿನಲ್ಲಿ 2014ರಲ್ಲಿ ಅನುಮೋದನೆ ಪಡೆದ ವೊನೊಪ್ರಜಾನ್ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿತು. 2016ರಲ್ಲಿ ಪ್ರಕಟವಾದ ಜಪಾನೀ ಪರೀಕ್ಷೆಯಲ್ಲಿ ಅದರಿಂದ ಶೇಕಡಾ 92.6, ಲಾನ್ಸೊಪ್ರಜೋಲಿನಿಂದ ಶೇಕಡಾ 75.9 ಮಂದಿ ಸೋಂಕಿನಿಂದ ಮುಕ್ತರಾದರು. ಅಮೆರಿಕ ಮತ್ತು ಯೂರೋಪುಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಈ ಪ್ರಮಾಣಗಳು ಶೇಕಡಾ 80.8 ಮತ್ತು 68.5ಕ್ಕೆ ಇಳಿದುವು. ಔಷಧದ ಶ್ರೇಷ್ಠತೆಯು ದೇಶಕಾಲಗಳಿಗೂ ಅಲ್ಲಿಯ ಜೀವಾಣುಗಳ ಪ್ರತಿರೋಧಕ್ಕೂ ಅಧೀನವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಾರಾಂಶವಿಷ್ಟು: ಮೊದಲು ಔಷಧಗಳನ್ನು ವ್ರಣ ಮಾಯುವಿಕೆಯಿಂದ ಅಳೆಯುತ್ತಿದ್ದರು, ಈಗ ಜೀವಾಣುವಿನ ನಾಶದಿಂದ ಅಳೆಯುತ್ತಾರೆ. ಮಾನದಂಡವು ಬದಲಾಗಲು ಸಂದ ಕಾಲದಲ್ಲಿ ಅಸಂಖ್ಯ ರೋಗಿಗಳು ಉಪಶಮನವನ್ನೇ ಗುಣವೆಂದು ಭಾವಿಸಿ ಬಾಳಿದರು. ಶಮನಕಾರಿಯಾದ ಔಷಧವು ಕಾರಣದ ಅನ್ವೇಷಣೆಯನ್ನು ಮರೆಸಬಲ್ಲದೆಂಬುದಕ್ಕೆ ವೈದ್ಯಕೀಯ ಇತಿಹಾಸದಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನಗಳು ವಿರಳ.