ಹಾರ್ಲೆಮ್ಮಿನ ಶನಿವಾರ ರಾತ್ರಿಗಳು

ಕವಿ ಅಂದ ಕೂಡಲೇ ನಮ್ಮ ವಿಮರ್ಶಕ ಮಹಾಶಯರು ಪ್ರತಿಮೆ, ಲಯ, ದರ್ಶನ ಅಂತ ಶುರು ಹಚ್ಚಿಕೊಳ್ಳುತ್ತಾರೆ. ಆ ಕವಿ ಹಗಲು ಯಾರ ಎಂಜಲು ತಟ್ಟೆ ಎತ್ತಿದ, ಕೂಲಿ ಮುಗಿಸಿ ಸಂಜೆ ಯಾವ ನಾಟಕಕ್ಕೆ ಹೋದ, ಅಲ್ಲಿ ಅವನನ್ನು ಎಲ್ಲಿ ಕೂರಿಸಿದರು ಅನ್ನೋದನ್ನ ಕೇಳೋರಿಲ್ಲ. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ದಲಿತ ಪ್ಯಾಂಥರ್ ಕಟ್ಟಿದಾಗ ಹೆಸರು ತಂದದ್ದು ಅಮೆರಿಕದ ಕಪ್ಪು ಜನರಿಂದ. ಅದೇ ಜನರ ಒಬ್ಬ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್. ಅವನ ದಿನಚರಿಯನ್ನು ಸ್ವಲ್ಪ ನೋಡೋಣ. ಅವನ ಕಾಲದಲ್ಲಿ ಕಪ್ಪು ಮನುಷ್ಯ ಹಾಡು ಕೇಳೋಕೆ ಅಂತ ಮನೆಯಿಂದ ಹೊರಟರೆ ಮೊದಲು ಎದುರಾಗುತ್ತಿದ್ದದ್ದು ಹಾಡಲ್ಲ, ಬಾಗಿಲು.

ಹ್ಯೂಸ್ ಹುಟ್ಟಿದ್ದು ಮಿಸೌರಿ ರಾಜ್ಯದ ಜಾಪ್ಲಿನ್‌ನಲ್ಲಿ. ಇಸವಿ 1902 ಅಂತ ಬಹುಕಾಲ ಎಲ್ಲರೂ ನಂಬಿದ್ದರು. 2018ರಲ್ಲಿ ಹಳೇ ಪತ್ರಿಕೆ ಕೆದಕಿದವರು 1901 ಇರಬೇಕು ಅಂತ ತೋರಿಸಿದರು. (ನಮ್ಮ ಕೇರಿಯ ಹಿರೀಕರ ಹುಟ್ಟಿದ ತಾರೀಕೂ ಶಾಲೆ ಮೇಷ್ಟರು ಬರೆದುಕೊಂಡದ್ದೇ ತಾನೆ.) ಅಪ್ಪ ಮೆಕ್ಸಿಕೋದಲ್ಲಿ ದುಡ್ಡು ಮಾಡಿಕೊಂಡವನು, ತನ್ನ ಜನರನ್ನೇ ಕಂಡರಾಗದವನು. ಮಗ ಎಂಜಿನಿಯರ್ ಆಗಲಿ ಅಂತ ಅವನು ಕೊಟ್ಟ ಫೀಸಿನಲ್ಲಿ ಹ್ಯೂಸ್ 1921ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿಗೆ ಬಂದಿಳಿದ. ಕೊಲಂಬಿಯಾ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ರೂಮು ಮೊದಲೇ ಗೊತ್ತಾಗಿತ್ತು. ಎದುರಿಗೆ ಬಂದು ನಿಂತ ಹುಡುಗನ ಬಣ್ಣ ನೋಡಿ ಆಫೀಸಿನವರು ತಬ್ಬಿಬ್ಬಾದರು. ರೂಮೇನೋ ಸಿಕ್ಕಿತು, ಆದರೆ ಅವನ ಮನಸ್ಸು ಅಲ್ಲಿ ನಿಲ್ಲಲಿಲ್ಲ. ನ್ಯೂಯಾರ್ಕಿನದೇ ಕಪ್ಪು ಕೇರಿಯಾದ ಹಾರ್ಲೆಮ್ಮಿಗೆ ಓಡಿತು.

ಆ ವರ್ಷ ಮೇ ತಿಂಗಳಿನಿಂದ 63ನೇ ಬೀದಿಯಲ್ಲಿ 'ಶಫಲ್ ಅಲಾಂಗ್' ಅನ್ನೋ ಸಂಗೀತ ನಾಟಕ ನಡೀತಾ ಇತ್ತು. ಬರೆದವರು, ಹಾಡು ಕಟ್ಟಿದವರು, ಕುಣಿದವರು ಎಲ್ಲ ಕಪ್ಪು ಜನ. 504 ಪ್ರದರ್ಶನ ಕಂಡಿತು. ಬೇರೆ ರಂಗಮಂದಿರಗಳಲ್ಲಿ ಕಪ್ಪು ಪ್ರೇಕ್ಷಕನಿಗೆ ತುತ್ತತುದಿಯ ಬಾಲ್ಕನಿಯೇ ಗತಿಯಾಗಿದ್ದ ಹೊತ್ತಿನಲ್ಲಿ ಇಲ್ಲಿ ಕೆಳಗಿನ ಕುರ್ಚಿಗಳಲ್ಲೂ ಒಂದಷ್ಟು ಅವರಿಗೆ ಸಿಕ್ಕವು. ಹ್ಯೂಸ್ ಗ್ಯಾಲರಿಯ ಅಗ್ಗದ ಟಿಕೆಟ್ಟು ಕೊಂಡು ರಾತ್ರಿ ರಾತ್ರಿ ಅದೇ ನಾಟಕ ನೋಡಿದ. ನಮ್ಮಪ್ಪ ಟೂರಿಂಗ್ ಟಾಕೀಸಿನಲ್ಲಿ ತೆರೆಗೆ ಅಂಟಿಕೊಂಡ ಹಾಗೆ ನೆಲಕ್ಕೆ ಕೂತು, ಕತ್ತು ಉಳುಕಿಸಿಕೊಂಡು ರಾಜಕುಮಾರರ ಪಿಕ್ಚರ್ ನೋಡ್ತಿದ್ದ. ಅಲ್ಲಿ ಬಡವನಿಗೆ ಆಕಾಶ, ಇಲ್ಲಿ ನೆಲ. 1922ರಲ್ಲಿ ಬರ್ಟ್ ವಿಲಿಯಮ್ಸ್ ಅನ್ನೋ ದೊಡ್ಡ ಕಪ್ಪು ಹಾಸ್ಯನಟ ತೀರಿಕೊಂಡಾಗ ಹ್ಯೂಸ್ ಪರೀಕ್ಷೆ ತಪ್ಪಿಸಿ ಅವನ ಮಣ್ಣಿಗೆ ಹೋದ. ಆ ವರ್ಷವೇ ಕಾಲೇಜಿಗೂ ಶರಣು ಹೊಡೆದ.

ಆಮೇಲೆ ಹೊಟ್ಟೆಪಾಡು. ಹಡಗಿನ ಕೂಲಿಯಾಗಿ ಆಫ್ರಿಕಾದ ಕರಾವಳಿಗೆ ಹೋದ, ಪ್ಯಾರಿಸ್ಸಿನ ನೈಟ್‌ಕ್ಲಬ್ಬಿನಲ್ಲಿ ಪಾತ್ರೆ ತೊಳೆದ. 1925ರಲ್ಲಿ ವಾಷಿಂಗ್‌ಟನ್ನಿನ ವಾರ್ಡ್‌ಮನ್ ಪಾರ್ಕ್ ಹೋಟೆಲಿನಲ್ಲಿ ಎಂಜಲು ತಟ್ಟೆ ಎತ್ತುವ ಕೆಲಸ. ಡಿಸೆಂಬರಿನಲ್ಲಿ ಒಂದು ದಿನ ವೇಚಲ್ ಲಿಂಡ್ಸೇ ಅನ್ನೋ ಪ್ರಸಿದ್ಧ ಬಿಳಿ ಕವಿ ಅದೇ ಹೋಟೆಲಿನ ಸಭಾಂಗಣದಲ್ಲಿ ಕವಿತೆ ಓದಲಿದ್ದ. ಹ್ಯೂಸ್‌ಗೆ ಕೇಳಬೇಕು ಅಂತ ಆಸೆ. ಆದರೆ ಸಭಾಂಗಣದೊಳಕ್ಕೆ ಕಪ್ಪು ಜನರನ್ನು ಬಿಡೋದಿಲ್ಲ. ಎಂಜಲು ಎತ್ತೋಕೆ ಬೇಕು, ಕವಿತೆ ಕೇಳೋಕೆ ಬೇಡ! ಹ್ಯೂಸ್ ತನ್ನ ಮೂರು ಪದ್ಯಗಳನ್ನು ಲಿಂಡ್ಸೇ ಊಟ ಮಾಡುತ್ತಿದ್ದ ಮೇಜಿನ ಮೇಲಿಟ್ಟು ಓಡಿಬಂದ. ಆ ರಾತ್ರಿ ಲಿಂಡ್ಸೇ ಅವುಗಳನ್ನು ಸಭೆಯಲ್ಲಿ ಓದಿದ. ಬೆಳಗಾದರೆ ಪತ್ರಿಕೆಯವರ ದಂಡು. ತಟ್ಟೆ ಎತ್ತುವ ಹುಡುಗನೊಳಗೆ ಕವಿ ಪತ್ತೆಯಾದನಂತೆ! ಅಷ್ಟು ಹೊತ್ತಿಗೆ 'ಅಪರ್ಚುನಿಟಿ' ಅನ್ನೋ ಕಪ್ಪು ಜನರ ಪತ್ರಿಕೆ ಇದೇ ಹುಡುಗನಿಗೆ ಮೊದಲ ಬಹುಮಾನ ಕೊಟ್ಟು ತಿಂಗಳುಗಳೇ ಕಳೆದಿದ್ದವು. ಅವನ ಮೊದಲ ಸಂಕಲನ ಅಚ್ಚಿಗೆ ಹೋಗಿತ್ತು. ಆದರೂ ಬಿಳಿಯನ ಕಣ್ಣಿಗೆ ಬಿದ್ದಾಗಲೇ ಕವಿ ಹುಟ್ಟಿದ ಅಂತ ಬರೆದರು. ಈ ಮಾತು ನಮಗೆ ಹೊಸದೇನಲ್ಲ ಕಣ್ರೀ.

ಹಾಗಾದರೆ ಹ್ಯೂಸ್ ಹಾಡು ಕೇಳಿದ್ದೆಲ್ಲಿ? ಹಾರ್ಲೆಮ್ಮಿನ ಬಾಡಿಗೆ ಪಾರ್ಟಿಗಳಲ್ಲಿ. ಅಲ್ಲಿ ಮನೆ ಬಾಡಿಗೆ ಜಾಸ್ತಿ, ಕಪ್ಪು ಕೂಲಿಗೆ ಸಂಬಳ ಕಮ್ಮಿ. ಬಿಳಿಯರ ಬಡಾವಣೆಯಲ್ಲಿ ಅವರಿಗೆ ಮನೆ ಕೊಡೋರಿಲ್ಲ. ಹೀಗಾಗಿ ಮಾಲೀಕ ಹೇಳಿದ್ದೇ ರೇಟು. ತಿಂಗಳ ಬಾಡಿಗೆ ಸಾಲದೆ ಬಂದರೆ ಮನೆಯವರು ಶನಿವಾರ ರಾತ್ರಿ ಮಂಚ, ಕುರ್ಚಿ ಬದಿಗೆ ಸರಿಸಿ ಒಬ್ಬ ಪಿಯಾನೋದವನನ್ನು ಕರೆಸೋರು. ಪ್ರಾಸ ಕಟ್ಟಿದ ಒಂದೆರಡು ಸಾಲು ಅಚ್ಚು ಹಾಕಿಸಿದ ಪುಟ್ಟ ಕಾರ್ಡುಗಳನ್ನು ಬೀದಿಯಲ್ಲಿ ಹಂಚೋರು. ಒಳಗೆ ಹೋಗಲು ಕಾಲು ಡಾಲರಿನ ಆಸುಪಾಸು. ಕರಿದ ಮೀನು, ಹಂದಿ ಕಾಲು, ಹಬೆಯಾಡುವ ಬೋಟಿ. ಬೋಟಿ ಅಂದರೆ ಏನು ಅಂತ ನಮ್ಮ ಕೇರಿಯವರಿಗೆ ಹೇಳಬೇಕಾಗಿಲ್ಲ, ಉಳಿದವರು ಕೇಳಿ ತಿಳಿದುಕೊಳ್ಳಲಿ. ಪಾನನಿಷೇಧದ ಕಾಲವಾದ್ದರಿಂದ ಕಳ್ಳ ಸಾರಾಯಿ ಬೇರೆ. ಬರೋರೆಲ್ಲ ಮನೆಗೆಲಸದ ಹೆಂಗಸರು, ಲಾರಿ ಡ್ರೈವರುಗಳು, ಬಟ್ಟೆ ಒಗೆಯೋರು, ಬೂಟು ಪಾಲಿಶ್ ಹುಡುಗರು, ರೈಲಿನ ಹಮಾಲಿಗಳು. ಬೆಳಗಿನ ಜಾವದವರೆಗೂ ಕುಣಿತ. ಕೆಳಗಿನ ಮನೆಯ ಸೂರು ಅದುರುತ್ತಿತ್ತು, ಮೇಲಿನವರ ಬಾಡಿಗೆ ಹುಟ್ಟುತ್ತಿತ್ತು.

ಫ್ಯಾಟ್ಸ್ ವಾಲರ್, ಜೇಮ್ಸ್ ಪಿ. ಜಾನ್ಸನ್, ವಿಲ್ಲಿ ಸ್ಮಿತ್‌ರಂಥ ಪಿಯಾನೋ ಹುಲಿಗಳು ಪಳಗಿದ್ದು ಇಂಥ ಮನೆಗಳಲ್ಲಿ. ಹಾರ್ಲೆಮ್ಮಿನಲ್ಲಿದ್ದಾಗ ಹ್ಯೂಸ್ ಹೆಚ್ಚುಕಮ್ಮಿ ಪ್ರತಿ ಶನಿವಾರ ಹೋಗ್ತಿದ್ದ. ಆ ಕಾರ್ಡುಗಳನ್ನು ಎಸೆಯದೆ ಕೂಡಿಟ್ಟುಕೊಂಡ. ನನ್ನ ಮಟ್ಟಿಗೆ ಹೇಳೋದಾದರೆ ಅವನ ಛಂದಸ್ಸಿನ ಗುಟ್ಟು ಈ ಕಾರ್ಡುಗಳಲ್ಲಿದೆ. ಬಾಡಿಗೆ ಕಟ್ಟಲಾಗದ ಬಡ ಹೆಂಗಸೊಬ್ಬಳು ಪ್ರಾಸ ಹಾಕಿ ಕರೀತಾಳೆ, ಕವಿ ಹೋಗ್ತಾನೆ.

ಅದೇ ಕೇರಿಯೊಳಗೆ, ಲೆನಾಕ್ಸ್ ಅವೆನ್ಯೂ ಮತ್ತು 142ನೇ ಬೀದಿ ಕೂಡುವಲ್ಲಿ, ಕಾಟನ್ ಕ್ಲಬ್ ಇತ್ತು. ಯಜಮಾನ ಓನಿ ಮ್ಯಾಡನ್ ಅನ್ನೋ ಬಿಳಿ ಗೂಂಡಾ. ಒಳಗೆ ಗುಲಾಮರ ತೋಟದ ಅಲಂಕಾರ. 1927ರ ಡಿಸೆಂಬರಿನಿಂದ ಡ್ಯೂಕ್ ಎಲಿಂಗ್‌ಟನ್‌ನ ವಾದ್ಯಮೇಳ. ಕುಣಿಯೋರು, ನುಡಿಸೋರು, ತಟ್ಟೆ ತರೋರು ಕಪ್ಪು ಜನ. ಕೂತು ನೋಡೋರು ಬಿಳಿಯರು ಮಾತ್ರ. ನಿಮ್ಮ ಕೇರಿಗೇ ಬಂದು ಕ್ಲಬ್ ಕಟ್ಟಿ, ನಿಮ್ಮ ತಮಟೆಯನ್ನೇ ಬಡಿಸಿ, ನಿಮ್ಮನ್ನೇ ಬಾಗಿಲಲ್ಲಿ ತಡೆಯೋದು! 1926ರಲ್ಲಿ ತೆರೆದ ಸವಾಯ್ ನೃತ್ಯಶಾಲೆಯಲ್ಲಿ ಮಾತ್ರ ಇಬ್ಬರಿಗೂ ಪ್ರವೇಶ. ಅಲ್ಲಿ ಗುರುವಾರ ಅಡುಗೆಮನೆ ಹೆಂಗಸರ ರಾತ್ರಿ, ಏಕೆಂದರೆ ಬಿಳಿಯರ ಮನೆಯಲ್ಲೇ ಉಳಿದು ದುಡಿಯೋರಿಗೆ ಅವತ್ತೊಂದು ದಿನ ರಜ.

1926ರ ಬೇಸಗೆಯಲ್ಲಿ 136ನೇ ಬೀದಿಯ ಒಂದು ಮನೆಯಲ್ಲಿ ವ್ಯಾಲೇಸ್ ಥರ್ಮನ್, ಜೋರಾ ನೀಲ್ ಹರ್ಸ್ಟನ್, ಆರನ್ ಡಗ್ಲಾಸ್, ಹ್ಯೂಸ್ ಮುಂತಾದವರು ಸೇರಿ ಒಂದು ಪತ್ರಿಕೆ ಮಾಡೋಣ ಅಂದರು. ಹೆಸರು 'ಫೈರ್'. ಬೆಂಕಿ! ನವೆಂಬರಿನಲ್ಲಿ ಒಂದು ಸಂಚಿಕೆ ಬಂತು, ಬೆಲೆ ಒಂದು ಡಾಲರ್. ಕಪ್ಪು ಜನರಲ್ಲೇ ಉಳ್ಳವರು ಮೂಗು ಮುರಿದರು. ಅಚ್ಚಿನ ಸಾಲಕ್ಕೆ ಥರ್ಮನ್‌ನ ಸಂಬಳ ವರ್ಷಗಟ್ಟಲೆ ಜಪ್ತಿ. ಮಾರಾಟವಾಗದ ನೂರಾರು ಪ್ರತಿಗಳನ್ನು ನೆಲಮಾಳಿಗೆಯಲ್ಲಿಟ್ಟರೆ ಅಲ್ಲಿಗೆ ನಿಜವಾದ ಬೆಂಕಿ ಬಿದ್ದು ಸುಟ್ಟುಹೋದವು. ಎರಡನೇ ಸಂಚಿಕೆ ಬರಲಿಲ್ಲ. ಚಂದಾ ಬಾಕಿ ಉಳಿಸಿಕೊಂಡಿರುವ ನಮ್ಮ ಓದುಗ ಮಿತ್ರರು ಇದನ್ನು ಗಮನಿಸಬೇಕು.

1927ರಿಂದ ಹ್ಯೂಸ್‌ಗೆ ಒಬ್ಬ ಧಣಿ ಸಿಕ್ಕಳು: ಪಾರ್ಕ್ ಅವೆನ್ಯೂದ ಶ್ರೀಮಂತ ಮುದುಕಿ ಷಾರ್ಲಟ್ ಮೇಸನ್. ತಿಂಗಳಿಗಿಷ್ಟು ದುಡ್ಡು, ನಾಟಕ ಸಂಗೀತಗಳಿಗೆ ಒಳ್ಳೆಯ ಸೀಟು, ಬಂದು ಹೋಗಲು ಡ್ರೈವರ್ ಸಮೇತ ಕಾರು. ಈಗ ಬಾಗಿಲುಗಳು ತೆರೆದವು. ಬದಲಿಗೆ ಅವಳು ಕೇಳಿದ್ದು ಕಾಡಿನ ಕವಿತೆ. ಕಪ್ಪು ಮನುಷ್ಯ ಅಂದರೆ ಅವಳ ಪ್ರಕಾರ ಆದಿಮಾನವ, ಅವನೊಳಗೆ ಆಫ್ರಿಕಾ ಗುಡುಗಬೇಕು. ಹೊರಗೆ 1929ರ ಕುಸಿತವಾಗಿ ಜನ ರೊಟ್ಟಿಗೆ ಸಾಲು ನಿಂತಿದ್ದರು. ಹ್ಯೂಸ್ ತನ್ನೊಳಗೆ ಇದ್ದದ್ದು ಷಿಕಾಗೋ, ಹಾರ್ಲೆಮ್ಮು; ಆಫ್ರಿಕಾ ಅಲ್ಲ ಅಂದ. 1930ರಲ್ಲಿ ಸಂಬಂಧ ಹರಿಯಿತು, ದುಡ್ಡು ನಿಂತಿತು.

ಕೊನೆಯ ಇಪ್ಪತ್ತು ವರ್ಷ ಅವನು ಹಾರ್ಲೆಮ್ಮಿನ 127ನೇ ಬೀದಿಯ ಮನೆಯೊಂದರ ಮೇಲಿನ ಮಹಡಿಯಲ್ಲಿದ್ದ. ರಾತ್ರಿಯೆಲ್ಲ ಬರೆದು ಹಗಲು ತಡವಾಗಿ ಏಳುತ್ತಿದ್ದ. ಪದ್ಯ, ನಾಟಕ, ಹಾಡು, ಅಂಕಣ, ಮಕ್ಕಳ ಪುಸ್ತಕ ಅಂತ ಒಟ್ಟೊಟ್ಟಿಗೆ ಹತ್ತು ಕೆಲಸ. ತಾನೊಬ್ಬ ಸಾಹಿತ್ಯದ ಪಾಲುಗಾರ ರೈತ ಅಂತ ಗೆಳೆಯನಿಗೆ ಬರೆದುಕೊಂಡಿದ್ದಾನೆ. ಅಷ್ಟಿದ್ದೂ ಬಾರಿಗೆ ಹೋಗೋದು ಬಿಡಲಿಲ್ಲ. ಯುದ್ಧದ ಕಾಲದಲ್ಲಿ ಒಂದು ರಾತ್ರಿ ಬಾರಿನಲ್ಲಿ ಕಾರ್ಖಾನೆ ಕೂಲಿಯೊಬ್ಬ ಸಿಕ್ಕ. ಏನು ಮಾಡ್ತೀಯಾ ಅಂದರೆ ಕ್ರ್ಯಾಂಕು ಮಾಡ್ತೀನಿ ಅಂದ. ಅದು ಯಾವ ಯಂತ್ರಕ್ಕೆ ಅಂದರೆ, ನನಗೇನು ಗೊತ್ತು, ನಮಗೆ ಹೇಳೋದಿಲ್ಲವಲ್ಲ ಅಂದ. ಈ ಒಂದು ಮಾತಿನಿಂದ ಹುಟ್ಟಿದ್ದು 'ಸಿಂಪಲ್' ಅನ್ನೋ ಪಾತ್ರ. 1943ರಿಂದ 'ಷಿಕಾಗೋ ಡಿಫೆಂಡರ್' ಪತ್ರಿಕೆಯಲ್ಲಿ ಆ ಕೂಲಿ ವಾರ ವಾರ ಬಾರಿನಲ್ಲಿ ಕೂತು ಬಿಳಿಯರ ನ್ಯಾಯವನ್ನು ಬಿಡಿಸಿಟ್ಟ.

ಹ್ಯೂಸ್ ಸತ್ತದ್ದು 1967ರ ಮೇ 22ರಂದು. ಅವನು ಕೂಡಿಟ್ಟಿದ್ದ ಬಾಡಿಗೆ ಪಾರ್ಟಿ ಕಾರ್ಡುಗಳು ಈಗ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. 135ನೇ ಬೀದಿಯಲ್ಲಿ ಕಪ್ಪು ಜನರ ಚರಿತ್ರೆಗೇ ಮೀಸಲಾದ ಷಾಂಬರ್ಗ್ ಗ್ರಂಥಾಲಯವಿದೆ. 1991ರಲ್ಲಿ ಅವನ ಚಿತಾಭಸ್ಮವನ್ನು ಅದರ ನೆಲದಡಿ ಇಟ್ಟರು. ಅವತ್ತು ಕವಿಗಳಾದ ಮಾಯಾ ಏಂಜೆಲೋ ಮತ್ತು ಅಮೀರಿ ಬರಾಕಾ ಆ ನೆಲದ ಮೇಲೆ ಕುಣಿದರು. ಅದರ ಫೋಟೋ ಇದೆ.