ನಡುನೆತ್ತಿಯ ಬೋಳು ಮತ್ತು ಬಿಸಿ ಬಾಚಣಿಗೆಯ ಮೇಲಿನ ಆರೋಪ

ನಡುನೆತ್ತಿಯಲ್ಲಿ ನಾಣ್ಯದಗಲದ ಜಾಗದಲ್ಲಿ ಕೂದಲು ತೆಳುವಾಗುತ್ತದೆ. ವರ್ಷಗಳು ಉರುಳಿದಂತೆ ಆ ಬೋಳು ಸುತ್ತಲೂ ಹಬ್ಬುತ್ತದೆ. ರೋಮಕೂಪಗಳು ನಾಶವಾಗಿ ಆ ಜಾಗದಲ್ಲಿ ಮಾಗಿದ ಗಾಯದಂಥ ನಾರು ತುಂಬಿಕೊಳ್ಳುವುದರಿಂದ ಹೋದ ಕೂದಲು ಮತ್ತೆ ಹುಟ್ಟುವುದಿಲ್ಲ. ಮುಖ್ಯವಾಗಿ ಆಫ್ರಿಕನ್ ಮೂಲದ ನಡುವಯಸ್ಸಿನ ಹೆಂಗಸರಲ್ಲಿ ಕಾಣುವ ಈ ಕಾಯಿಲೆಯನ್ನು ವೈದ್ಯರು ಈಗ ಸೆಂಟ್ರಲ್ ಸೆಂಟ್ರಿಫ್ಯೂಗಲ್ ಸಿಕಾಟ್ರೀಷಿಯಲ್ ಅಲೊಪೀಷಿಯಾ, ಚುಟುಕಾಗಿ ಸಿಸಿಸಿಎ ಎನ್ನುತ್ತಾರೆ. ಅದಕ್ಕೂ ಮೊದಲು ಸುಮಾರು ಕಾಲು ಶತಮಾನ ಇದರ ತಪ್ಪೆಲ್ಲ ಒಂದು ಬಾಚಣಿಗೆಯ ತಲೆಗೆ ಬಿದ್ದಿತ್ತು.

ಆ ಬಾಚಣಿಗೆ ಲೋಹದ್ದು. ಒಲೆಯ ಮೇಲೆ ಕಾಯಿಸಿ, ಜಿಡ್ಡು ಸವರಿದ ಗುಂಗುರು ಕೂದಲಲ್ಲಿ ಎಳೆದರೆ ಕೂದಲು ನೇರವಾಗುತ್ತಿತ್ತು. ನೀರೋ ಬೆವರೋ ತಾಗಿದರೆ ಮತ್ತೆ ಸುರುಳಿ ಸುತ್ತಿಕೊಳ್ಳುತ್ತಿದ್ದುದರಿಂದ ಈ ಕೆಲಸ ಮೇಲಿಂದ ಮೇಲೆ ನಡೆಯಬೇಕಿತ್ತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಕಪ್ಪು ಜನರ ಮನೆಗಳಲ್ಲಿ, ಸಲೂನುಗಳಲ್ಲಿ ಇದು ವಾಡಿಕೆಯಾಗಿತ್ತು. ಈ ಉದ್ಯಮದ ದೊಡ್ಡ ಹೆಸರು ಮೇಡಂ ಸಿ. ಜೆ. ವಾಕರ್ (1867–1919). ಬಟ್ಟೆ ಒಗೆದು ಬದುಕುತ್ತಿದ್ದ ಆಕೆ 1910ರಲ್ಲಿ ಇಂಡಿಯಾನಾಪೊಲಿಸ್‌ಗೆ ಬಂದು ಅಲ್ಲಿ ಕಾರ್ಖಾನೆ ಕಟ್ಟಿದರು. ಅವರು ಕೇಶೋದ್ಯಮಕ್ಕೆ ಇಳಿದದ್ದೇ ತಮ್ಮ ಕೂದಲು ಉದುರಿದ್ದರಿಂದ. ಅವರು ಮಾರಿದ ಮುಲಾಮಿನಲ್ಲಿ ಗಂಧಕವೂ ಪೆಟ್ರೋಲಿಯಂ ಜೆಲ್ಲಿಯೂ ಇದ್ದವು. ಕಪ್ಪು ಹೆಂಗಸರ ನೆತ್ತಿಯ ರೋಗಗಳಿಗೆ ಆಗ ಆಸ್ಪತ್ರೆಗಿಂತ ಸಲೂನೇ ಹತ್ತಿರವಾಗಿತ್ತು.

ವೈದ್ಯಶಾಸ್ತ್ರ ಇತ್ತ ತಿರುಗಿದ್ದು ನಿಧಾನವಾಗಿ. ಶಿಕಾಗೋದಲ್ಲಿ ಥಿಯೊಡೋರ್ ಲಾಲೆಸ್, ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಕೆನಿಯಂಥ ಕಪ್ಪು ಚರ್ಮವೈದ್ಯರು ಇದ್ದರೂ ಪಠ್ಯಪುಸ್ತಕಗಳ ಚಿತ್ರಗಳು ಬಹುಪಾಲು ಬಿಳಿಯರವು. ಉರಿಯೂತ ಎಂದರೆ ಕೆಂಪು ಎಂದು ಕಲಿತ ಕಣ್ಣಿಗೆ, ಕಪ್ಪು ನೆತ್ತಿಯಲ್ಲಿ ಅದೇ ಉರಿಯೂತ ನೇರಳೆ, ಬೂದು ಅಥವಾ ದಟ್ಟ ಕಂದಾಗಿ ತೋರಿದಾಗ ಗುರುತೇ ಸಿಗುತ್ತಿರಲಿಲ್ಲ.

1968ರಲ್ಲಿ ಲೊಪ್ರೆಸ್ಟಿ, ಪಾಪಾ ಮತ್ತು ಕ್ಲಿಗ್ಮನ್ ಎಂಬ ಮೂವರು ಈ ಬೋಳಿಗೆ ‘ಹಾಟ್ ಕೋಂಬ್ ಅಲೊಪೀಷಿಯಾ’ ಎಂದು ಹೆಸರಿಟ್ಟರು. ಕೂದಲಿಗೆ ಸವರಿದ ಪೆಟ್ರೋಲಿಯಂ ಜೆಲ್ಲಿ ಬಿಸಿಗೆ ಕರಗಿ ರೋಮಕೂಪದೊಳಕ್ಕೆ ಇಳಿದು ಕೆರಳಿಸುತ್ತದೆ, ಆ ಕೆರಳಿಕೆಯೇ ಕೂಪವನ್ನು ಹಾಳುಮಾಡುತ್ತದೆ ಎಂಬುದು ಅವರ ತರ್ಕ. ಕೇಳಲು ಸರಿಯಾಗಿಯೇ ಇತ್ತು. ರೋಗಿಗೆ ಸಿಗುತ್ತಿದ್ದ ಸಲಹೆಯೂ ಸುಲಭ: ಬಾಚಣಿಗೆ ಬಿಡಿ. ಆದರೆ ಬಿಟ್ಟವರಲ್ಲೂ ಬೋಳು ಮುಂದುವರಿಯಿತು; ಅದನ್ನು ಕೈಯಲ್ಲಿ ಹಿಡಿಯದವರಿಗೂ ಬಂತು. 1992ರಲ್ಲಿ ಸ್ಪರ್ಲಿಂಗ್ ಮತ್ತು ಸಾವ್ ಎಂಬ ಸಂಶೋಧಕರು ಈ ಲೆಕ್ಕ ತಾಳೆಯಾಗುವುದಿಲ್ಲವೆಂದು ತೋರಿಸಿದರು. ಕೂದಲ ಬುಡದ ಒಳಕವಚ ಕಳಚಬೇಕಾದ ಮಟ್ಟಕ್ಕಿಂತ ಕೆಳಗೇ ಕಳಚಿಕೊಳ್ಳುತ್ತಿದೆ, ದೋಷ ಕೂಪದ ಒಳಗೇ ಇದೆ ಎಂಬುದು ಸೂಕ್ಷ್ಮದರ್ಶಕದಡಿ ಅವರಿಗೆ ಕಂಡ ಸಂಗತಿ. 2001ರಲ್ಲಿ ಉತ್ತರ ಅಮೆರಿಕದ ಕೂದಲು ಸಂಶೋಧಕರ ಸಂಘ ನಡೆಸಿದ ಕಾರ್ಯಾಗಾರದಿಂದ ಈಗಿನ ಹೆಸರು ಹೊರಬಂತು. ಅದರಲ್ಲಿ ಬಾಚಣಿಗೆಯ ಸುಳಿವಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು: ಕಪ್ಪು ನೆತ್ತಿಯ ಸಹಜ ಸ್ಥಿತಿ ಯಾವುದೆಂದೇ ಯಾರೂ ಸರಿಯಾಗಿ ಅಳೆದಿರಲಿಲ್ಲ. ಬಯಾಪ್ಸಿಗೆ 4 ಮಿಲಿಮೀಟರ್ ಅಗಲದ ಚರ್ಮದ ತುಂಡು ತೆಗೆದು, ಅಡ್ಡಡ್ಡಲಾಗಿ ಸೀಳಿ, ರೋಮಕೂಪಗಳನ್ನು ಎಣಿಸುವುದು ವಾಡಿಕೆ. ಅಷ್ಟಗಲದಲ್ಲಿ ಬಿಳಿಯರಿಗೆ ಸರಾಸರಿ 36ರಷ್ಟು, ಆಫ್ರಿಕನ್ ಅಮೆರಿಕನ್ನರಿಗೆ 21ರಷ್ಟು ಕೂಪಗಳಿರುತ್ತವೆ ಎಂದು ಸ್ಪರ್ಲಿಂಗ್ 1999ರಲ್ಲಿ ತೋರಿಸಿದರು. ಹಳೆಯ ಅಳತೆಗೋಲಿಟ್ಟು ನೋಡಿದರೆ ಆರೋಗ್ಯವಂತಳ ನೆತ್ತಿಯೂ ರೋಗದ ನೆತ್ತಿಯಾಗಿ ಕಾಣುತ್ತದೆ. ಬಾಚಣಿಗೆಯ ಸುತ್ತಲಿನ ವಾದವಿವಾದಕ್ಕಿಂತ ಈ ಸರಳ ಎಣಿಕೆಯೇ ರೋಗನಿರ್ಣಯಕ್ಕೆ ಹೆಚ್ಚು ಉಪಕಾರ ಮಾಡಿತೆನ್ನಬೇಕು.

ಆಮೇಲೆ ನೆತ್ತಿಗೆ ತಾಗಿಸಿ ನೋಡುವ ಡರ್ಮೋಸ್ಕೋಪ್ ಬಂತು. ಅದರಲ್ಲಿ ಕಪ್ಪು ನೆತ್ತಿ ಜೇನುಹುಟ್ಟಿನ ಬಲೆಯಂತೆ ಕಾಣುತ್ತದೆ. ನಡುನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು. ಬೆವರುಗ್ರಂಥಿ ಮತ್ತು ರೋಮಕೂಪಗಳ ಬಾಯಿಗಳಾದ ಈ ಚುಕ್ಕೆಗಳು ಕಪ್ಪು ನೆತ್ತಿಯಲ್ಲಿ ಸಹಜ. ಕೂದಲಿನ ಬುಡದ ಸುತ್ತ ಬಿಳಿ ಅಥವಾ ಬೂದು ಉಂಗುರ ಕಂಡರೆ ಮಾತ್ರ ಅದು ಸಿಸಿಸಿಎಯ ಸುಳಿವು, ಬಯಾಪ್ಸಿ ತೆಗೆಯಬೇಕಾದ ಜಾಗವೂ ಅದೇ. ಪೂರ್ತಿ ಬೋಳಾದ ಕಡೆಯಿಂದ ತೆಗೆದರೆ ಬರೀ ಕಲೆ ಸಿಗುತ್ತದೆ, ಕಾರಣ ಸಿಗುವುದಿಲ್ಲ.

ಎಳೆತದಿಂದ ಬರುವ ಬೋಳಿನ ಕತೆಯೇ ಬೇರೆ; ಅಲ್ಲಿ ಕೇಶವಿನ್ಯಾಸದ ಮೇಲಿನ ಆರೋಪ ನಿಜವೇ. ಅದನ್ನು 1907ರಲ್ಲಿ ಮೊದಲು ವರ್ಣಿಸಿದ್ದು ಕೂದಲನ್ನು ಬಿಗಿಯಾಗಿ ಎತ್ತಿ ಕಟ್ಟುತ್ತಿದ್ದ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ. ಭಾರತದಲ್ಲಿ ಜುಟ್ಟು ಬಿಗಿಯುವ ಸಿಖ್ ಗಂಡಸರಲ್ಲೂ ಅದು ದಾಖಲಾಗಿದೆ. ಹಣೆಯಂಚಿನಲ್ಲಿ ಕೂದಲು ಹಿಂದೆ ಸರಿದಿದ್ದರೂ ಸಣ್ಣ ಕೂದಲಿನ ಸಾಲೊಂದು ಮುಂದೆ ಉಳಿದಿರುವುದು ಇದರ ಗುರುತು.

ರೋಗದ ಗುರುತು ತಪ್ಪುವ ಎಡವಟ್ಟು ಮಕ್ಕಳ ನೆತ್ತಿಯ ಹುಳುಕಡ್ಡಿಯಲ್ಲೂ ಆಯಿತು. 1925ರಿಂದ ಬಳಕೆಗೆ ಬಂದ ವುಡ್ ದೀಪದ ಬೆಳಕಿಗೆ ಕೆಲವು ಜಾತಿಯ ಶಿಲೀಂಧ್ರ ಹಸಿರಾಗಿ ಹೊಳೆಯುತ್ತದೆ. ಅಮೆರಿಕದ ಕಪ್ಪು ಮಕ್ಕಳಲ್ಲಿ ಹೆಚ್ಚಾದ ಟ್ರೈಕೊಫೈಟಾನ್ ಟಾನ್ಸ್ಯುರಾನ್ಸ್ ಕೂದಲೆಳೆಯ ಒಳಗೆ ಬೆಳೆಯುತ್ತದೆ, ಹೊಳೆಯುವುದಿಲ್ಲ. ದೀಪ ನಂಬಿದರೆ ರೋಗ ತಪ್ಪಿಹೋಗುತ್ತದೆ, ಬಿಳಿ ಹೊಟ್ಟು ಕಂಡು ಬರೀ ತಲೆಹೊಟ್ಟು ಅಂದುಕೊಳ್ಳುವುದೂ ಸುಲಭ. ಭಾರತದಲ್ಲಿ ಹೆಚ್ಚಾಗಿ ಸಿಗುವ ಟ್ರೈಕೊಫೈಟಾನ್ ವಯೊಲೇಸಿಯಂಗೂ ಇದೇ ಸ್ವಭಾವ, ಹಾಗಾಗಿ ನಮ್ಮ ಮಕ್ಕಳಿಗೂ ಈ ಎಚ್ಚರ ಬೇಕು. ಸಂಶಯವಿದ್ದರೆ ನಾಲ್ಕು ಕೂದಲು ಕಿತ್ತು ಪ್ರಯೋಗಾಲಯಕ್ಕೆ ಕಳಿಸುವುದೇ ದಾರಿ.

ಸಿಸಿಸಿಎಯ ಮೂಲಕ್ಕೆ 2019ರಲ್ಲಿ ಹೊಸ ಸುಳಿವು ಸಿಕ್ಕಿತು. ಈ ಕಾಯಿಲೆಯಿದ್ದ 58 ಹೆಂಗಸರಲ್ಲಿ 14 ಮಂದಿಗೆ ಪಿಎಡಿಐ3 ಎಂಬ ಜೀನಿನಲ್ಲಿ ಬದಲಾವಣೆ ಇತ್ತೆಂದು ದಕ್ಷಿಣ ಆಫ್ರಿಕ ಮತ್ತು ಇಸ್ರೇಲಿನ ಸಂಶೋಧಕರೂ ಇದ್ದ ತಂಡ ಪ್ರಕಟಿಸಿತು. ಕೂದಲೆಳೆ ರೂಪುಗೊಳ್ಳಲು ಬೇಕಾದ ಪ್ರೋಟೀನುಗಳನ್ನು ಮಾರ್ಪಡಿಸುವ ಕೆಲಸ ಈ ಜೀನಿನದು. ಹುಟ್ಟಿನಿಂದ ಈ ಒಲವಿದ್ದವರಲ್ಲಿ ಶಾಖ, ಎಳೆತ ಮತ್ತು ಕೂದಲು ನೇರವಾಗಿಸುವ ರಿಲ್ಯಾಕ್ಸರ್ ರಾಸಾಯನಿಕಗಳು ಹಾನಿ ಹೆಚ್ಚಿಸಬಹುದು. ಆದರೆ ಬಾಚಣಿಗೆಯೊಂದನ್ನೇ ದೂರಲು ಈಗ ಆಧಾರವಿಲ್ಲ. ಆದ್ದರಿಂದ ರೋಗಿಯ ತಾಯಿಗೋ ಅಕ್ಕತಂಗಿಯರಿಗೋ ನಡುನೆತ್ತಿ ತೆಳುವಾಗಿದೆಯೇ ಎಂದು ವಿಚಾರಿಸುವುದು ಈಗ ತಪಾಸಣೆಯ ಭಾಗ.